ಸ್ಕಾರ್ಫಿನ ಎರಡು ತುದಿ ಒಂದೇ ಅಳತೆಗೆ ಬಂದಿಲ್ಲ, ಎಲ್ಲಿ ತಪ್ಪಿದೆ ಹೇಳಿ

ಕೆರೆ ದಂಡೆ
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ, ಸ್ವಲ್ಪ ಸಹಾಯ ಮಾಡಿ.

ನಮ್ಮಪ್ಪನಿಗೆ 74 ವರ್ಷ. ಏನೇ ಆಗಲಿ, ಬೆಳಿಗ್ಗೆ ಐದೂವರೆಗೆ ಕುಕ್ಕರಹಳ್ಳಿ ಕೆರೆ ಸುತ್ತಲು ಹೊರಟೇ ಹೊರಡುತ್ತಾರೆ. ಧನುರ್ಮಾಸದಲ್ಲಿ ಆ ಕೆರೆ ಮೇಲಿಂದ ಬರುವ ಗಾಳಿ ಮೈಸೂರಿನವರಿಗೆ ಗೊತ್ತು. ಅಂಗಡಿಯಿಂದ ತಂದ ಮಫ್ಲರ್ ಭಾರ, ಕತ್ತಿಗೆ ಚುಚ್ಚುತ್ತೆ ಅಂತ ಎರಡೇ ದಿನಕ್ಕೆ ತೆಗೆದಿಟ್ಟರು. ಅದಕ್ಕೇ ನಾನೇ ಹೆಣೆದು ಕೊಡೋಣ ಅಂತ ಕೂತೆ. ಹಗುರವಾಗಿರಬೇಕು. ಮೈ ತುಂಬ ಸಣ್ಣ ಕಾಳಿನಂಥ ಉಬ್ಬು ಇರಬೇಕು. ಎರಡೂ ತುದಿ ಮಾವಿನೆಲೆಯ ಹಾಗೆ ಚೂಪಾಗಿರಬೇಕು. ಚೌಕ ತುದಿ ಸ್ವೆಟರ್ ಒಳಗೆ ಮಡಚಿಕೊಂಡು ಗಂಟಾಗುತ್ತೆ. ಚೂಪು ತುದಿ ಸಲೀಸಾಗಿ ಒಳಗೆ ಇಳಿಯುತ್ತೆ ಅಲ್ವಾ, ಅದಕ್ಕೆ.

ದಾರ ಮೆರಿನೋ ಉಣ್ಣೆ, 100 ಗ್ರಾಂ, 400 ಮೀಟರ್. ಕಡ್ಡಿ 6 ನಂಬರ್. ಹೆಣಿಗೆ ಸೀಡ್ ಸ್ಟಿಚ್. 3 ಸ್ಟಿಚ್ (ಕಡ್ಡಿ ಮೇಲಿನ ಕುಣಿಕೆ) ಹಾಕಿ ಶುರು ಮಾಡಿದೆ. ನಾಲ್ಕು ಸಾಲಿಗೊಮ್ಮೆ ಎರಡು ಅಂಚಿನಲ್ಲೂ ಒಂದೊಂದು ಹೆಚ್ಚಿಸಿದೆ. 41 ಆದ ಮೇಲೆ ನೇರವಾಗಿ ಹೋದೆ. ಕೊನೆಗೆ ಅದೇ ಲೆಕ್ಕದಲ್ಲಿ ಎರಡೆರಡು ಸ್ಟಿಚ್ ಸೇರಿಸಿ ಇಳಿಸಿದೆ. ಮುಗಿಯುವ ಹೊತ್ತಿಗೆ ದಾರ ಒಂದು ಮೊಳ ಉಳಿದಿತ್ತು.

ಈಗ ಮೊದಲ ತುದಿ 19 ಸೆಂಟಿಮೀಟರ್ ಉದ್ದ ಇದೆ. ಎರಡನೇದು 22 ದಾಟಿದೆ. ಆ ಕಡೆ ಅರ್ಧ ಸ್ಕಾರ್ಫ್ ಅಗಲವಾಗಿಯೂ ಕಾಣುತ್ತೆ. ಸಾಲದ್ದಕ್ಕೆ ಎರಡನೇ ತುದಿಯ ಬಲ ಅಂಚು ಮೆಟ್ಟಿಲು ಮೆಟ್ಟಿಲಾಗಿದೆ. ಎಡ ಅಂಚು ಚೆನ್ನಾಗಿದೆ. ಸಾಲು ಎಣಿಸಿದ್ದೇನೆ, ಎರಡೂ ಕಡೆ 76 ಇದೆ. ಮತ್ತೆ ಎಲ್ಲಿ ತಪ್ಪಿದೆ?

ಉಲ್ಲನ್ ಉಂಡೆ
ಕೈ ಸಡಿಲ ಆಗಿದೆ ಅಷ್ಟೇ. ಶುರುವಲ್ಲಿ ಹೊಸ ದಾರ, ಭಯದಲ್ಲಿ ಬಿಗಿಯಾಗಿ ಹೆಣೆಯುತ್ತೇವೆ. ಅರ್ಧ ದಾಟಿದ ಮೇಲೆ ಟಿವಿ ನೋಡಿಕೊಂಡು ಹೆಣೆಯುತ್ತೇವೆ. ಒಗೆದು ಹಾಸಿ ಪಿನ್ ಹಾಕಿ, ಸರಿಹೋಗುತ್ತೆ. ನಲವತ್ತು ವರ್ಷದಿಂದ ಹೆಣೆಯುತ್ತಿದ್ದೇನೆ, ಇದಕ್ಕೆಲ್ಲ ಗಾಬರಿ ಬೇಡ.

ಸೀದಾ ಉಲ್ಟಾ
ಮೆಟ್ಟಿಲಿಗೆ ಕಾರಣ ನಾನು ಹೇಳುತ್ತೇನೆ. ಸಾಲಿನ ಶುರುವಲ್ಲೂ ಕೊನೆಯಲ್ಲೂ ಎರಡು ಸ್ಟಿಚ್ ಒಟ್ಟಿಗೆ ಸೀದಾ (ನಯವಾದ ಕುಣಿಕೆ ಮುಂದೆ ಬರುವ ಹಾಗೆ) ಹೆಣೆದಿದ್ದೀರಿ, ಹೌದಾ? ಹಾಗೆ ಹೆಣೆದರೆ ಸ್ಟಿಚ್ ಬಲಕ್ಕೆ ವಾಲುತ್ತೆ. ಎಡ ಅಂಚಿನ ಇಳಿಜಾರೂ ಬಲಕ್ಕೇ ಇರುವುದರಿಂದ ಅಲ್ಲಿ ಹೊಂದಿಕೊಳ್ಳುತ್ತೆ. ಬಲ ಅಂಚು ಎಡಕ್ಕೆ ಇಳಿಯಬೇಕು, ಅಲ್ಲಿ ಎಡಕ್ಕೆ ವಾಲುವ ಸ್ಟಿಚ್ ಬೇಕು. ಎರಡು ಸ್ಟಿಚ್‌ಗಳನ್ನು ಒಂದೊಂದಾಗಿ, ಸೀದಾ ಹೆಣೆಯುವ ಹಾಗೆ ಕಡ್ಡಿ ಚುಚ್ಚಿ, ಹೆಣೆಯದೆ ಬಲಗಡ್ಡಿಗೆ ದಾಟಿಸಿ. ಆಮೇಲೆ ಎಡಗಡ್ಡಿಯನ್ನು ಅವೆರಡರ ಮುಂಭಾಗಕ್ಕೆ ತೂರಿಸಿ ಒಟ್ಟಿಗೆ ಹೆಣೆಯಿರಿ.

ಇನ್ನೊಂದು. ಈ ಏರಿಸುವುದು ಇಳಿಸುವುದನ್ನು ತೀರಾ ಅಂಚಿನ ಸ್ಟಿಚ್‌ನಲ್ಲಿ ಮಾಡಬೇಡಿ. ಮೊದಲ ಎರಡು ಸ್ಟಿಚ್ ಸುಮ್ನೆ ಸೀದಾ ಹೆಣೆದು ಮೂರನೇದರಲ್ಲಿ ಮಾಡಿ. ಕೊನೆಯಲ್ಲೂ ಎರಡು ಬಿಡಿ. ಅಂಚು ಗೆರೆ ಎಳೆದ ಹಾಗೆ ಬರುತ್ತೆ.

ಕೆರೆ ದಂಡೆ
@ಸೀದಾ ಉಲ್ಟಾ ಹೌದು, ಎರಡೂ ಕಡೆ ಅದನ್ನೇ ಮಾಡಿದ್ದೆ! ಎಷ್ಟು ಸರಿಯಾಗಿ ಹೇಳಿದಿರಿ. ಮೆಟ್ಟಿಲಿನ ವಿಷಯ ಅರ್ಥ ಆಯಿತು. ಆದರೆ ಮೂರು ಸೆಂಟಿಮೀಟರ್ ಹೆಚ್ಚಾಗಿದ್ದು?

@ಉಲ್ಲನ್ ಉಂಡೆ ಅಮ್ಮ, ನಾನು ಟಿವಿ ನೋಡುತ್ತಾ ಹೆಣೆದಿಲ್ಲ. ಆದರೂ ಒಗೆದು ನೋಡುತ್ತೇನೆ.

ಹೊಸಬಳು
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಸೀಡ್ ಸ್ಟಿಚ್ ಅಂದರೆ ಏನು? ನನಗೆ ಸೀದಾ, ಉಲ್ಟಾ ಎರಡೇ ಗೊತ್ತು.

ಸೀದಾ ಉಲ್ಟಾ
ಅವೆರಡು ಗೊತ್ತಿದ್ದರೆ ಸಾಕು. ಒಂದು ಸೀದಾ, ಒಂದು ಉಲ್ಟಾ (ಗಂಟು ಮುಂದೆ ಬರುವ ಹೆಣಿಗೆ), ಹೀಗೇ ಸಾಲು ಪೂರ್ತಿ. ಮುಂದಿನ ಸಾಲಿನಲ್ಲಿ ಗಂಟು ಕಂಡ ಕಡೆ ಸೀದಾ, ನಯವಾದ ಕುಣಿಕೆ ಕಂಡ ಕಡೆ ಉಲ್ಟಾ. ಬೆಸ ಸಂಖ್ಯೆಯ ಸ್ಟಿಚ್ ಇದ್ದರೆ ಎಲ್ಲ ಸಾಲೂ ಸೀದಾದಿಂದಲೇ ಶುರು ಆಗುತ್ತೆ. ಸಾಸಿವೆ ಚೆಲ್ಲಿದ ಹಾಗೆ ಉಬ್ಬು ಬರುತ್ತೆ. ಎರಡು ಕಡೆಯೂ ಒಂದೇ ಥರ ಕಾಣುತ್ತೆ. ಸುರುಳಿ ಸುತ್ತಿಕೊಳ್ಳುವುದಿಲ್ಲ. ಸ್ಕಾರ್ಫಿಗೆ ಹೇಳಿ ಮಾಡಿಸಿದ ಹೆಣಿಗೆ.

ಆದರೆ ಚೂಪು ತುದಿ ಮಾಡುವಾಗ ಅಂಚಲ್ಲಿ ಸ್ಟಿಚ್ ಹೆಚ್ಚುತ್ತಾ ಹೋಗುವುದರಿಂದ "ಸೀದಾದಿಂದ ಶುರು" ಅನ್ನುವ ನಿಯಮ ನಂಬಬೇಡಿ. ಕೆಳಗಿನ ಸಾಲನ್ನು ನೋಡಿ ಹೆಣೆಯಿರಿ. ಕಣ್ಣೇ ಲೆಕ್ಕ.

ಕಾಫಿ ತೋಟ
ಅದು ಮಾಸ್ ಸ್ಟಿಚ್. ಮಡಿಕೇರಿಯಲ್ಲಿ ನಮಗೆ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು ಅದೇ ಹೆಸರು. ಸೀಡ್ ಅಂತ ಕೇಳಿದ್ದೇ ಇತ್ತೀಚೆಗೆ, ಯೂಟ್ಯೂಬಿನಲ್ಲಿ.

ಸೀದಾ ಉಲ್ಟಾ
ಇಲ್ಲ ಮೇಡಂ, ಮಾಸ್ ಬೇರೆ. ಅದು ನಾಲ್ಕು ಸಾಲಿನ ಹೆಣಿಗೆ, ಉಬ್ಬು ಉದ್ದಕ್ಕೆ ಬರುತ್ತೆ.

ಕಾಫಿ ತೋಟ
ಬೇರೆ ಹೇಗೆ ಆಗುತ್ತೆ? ನಾಲ್ಕು ಸಾಲಿನದು ಡಬಲ್ ಮಾಸ್. ನನ್ನ ಸ್ಕೂಲ್ ನೋಟ್‌ಬುಕ್ ಇನ್ನೂ ಇದೆ, ಅದರಲ್ಲಿ ಚೌಕ ಸ್ಯಾಂಪಲ್ ಅಂಟಿಸಿ ಕೆಳಗೆ ಹೆಸರು ಬರೆದಿದ್ದೇನೆ. ಸಿಸ್ಟರ್ ಸಹಿ ಕೂಡ ಇದೆ.

ಅಬರ್ಡೀನ್ ಚಳಿ
ಜಗಳ ಬೇಡ, ಇಬ್ಬರೂ ಸರಿ. ಬ್ರಿಟನ್ನಿನಲ್ಲಿ ಮಾಸ್ ಅನ್ನುವುದನ್ನೇ ಅಮೆರಿಕದವರು ಸೀಡ್ ಅನ್ನುತ್ತಾರೆ. ಅಮೆರಿಕದವರ ಮಾಸ್ ಇಲ್ಲಿ ಡಬಲ್ ಮಾಸ್. ನಾನು ಸ್ಕಾಟ್ಲೆಂಡಿಗೆ ಬಂದ ಹೊಸದರಲ್ಲಿ ಇದರಿಂದ ಒಂದು ಟೋಪಿ ಪೂರ್ತಿ ಬಿಚ್ಚಿದ್ದೇನೆ. ಪ್ಯಾಟರ್ನ್ ಯಾವ ದೇಶದ್ದು ಅಂತ ಮೊದಲು ನೋಡಬೇಕು.

ಕಾಫಿ ತೋಟ
ನಮ್ಮ ಸಿಸ್ಟರ್ ಹೇಳಿದ್ದು ಸರಿ ಅಂತ ಆಯಿತಲ್ಲ, ಸಮಾಧಾನ.

ಧಾರವಾಡ ಪೇಡೆ
ಏನ್ರೀ ಇದು, ಮೂರು ಸೆಂಟಿಮೀಟರಿಗೆ ಇಷ್ಟು ಚಿಂತೆ? ಎರಡೂ ತುದಿಗೆ ಒಂದೊಂದು ಗೊಂಡೆ ಕಟ್ಟಿಬಿಡ್ರಿ. ಯಾರು ಅಳತೆ ಪಟ್ಟಿ ಹಿಡಿದು ನೋಡುತ್ತಾರೆ? ಗೊಂಡೆಯ ತೂಕಕ್ಕೆ ತುದಿ ಕೆಳಗೆ ಚೆಂದ ಇಳಿದು ನಿಲ್ಲುತ್ತದೆ.

ಕೆರೆ ದಂಡೆ
ಗೊಂಡೆ ಬೇಡ ಅಕ್ಕ. ಅಪ್ಪ ಹಾಕಿಕೊಳ್ಳೋದೇ ಇಲ್ಲ.

ಲೆಕ್ಕದ ಮೇಷ್ಟ್ರು
ನನಗೆ ಇದು ಕೈ ಸಡಿಲದ ಕೇಸ್ ಅನಿಸುತ್ತಿಲ್ಲ. ಲೆಕ್ಕ ನೋಡಿ.

ಮೊದಲ ತುದಿ: 76 ಸಾಲು, 19 ಸೆಂಟಿಮೀಟರ್. ಅಂದರೆ ಸೆಂಟಿಮೀಟರಿಗೆ 4 ಸಾಲು. ಎರಡನೇದು ಅದೇ 76 ಸಾಲು, 22 ದಾಟಿದೆ ಅಂದಿರಿ. ಸೆಂಟಿಮೀಟರಿಗೆ ಸುಮಾರು 3.4 ಸಾಲು. ಅಗಲವನ್ನೂ ಅಳೆದು ಹೇಳಿ. ಅದೂ ಅದೇ ಪ್ರಮಾಣದಲ್ಲಿ ಹೆಚ್ಚಿದ್ದರೆ ಪ್ರತಿ ಸ್ಟಿಚ್ಚೇ ದೊಡ್ಡದಾಗಿದೆ ಅಂತ ಅರ್ಥ.

ಮುಖ್ಯವಾಗಿ ಇನ್ನೊಂದು ನೋಡಬೇಕು. ಕೈ ಸಡಿಲ ಆದರೆ ಅಗಲ ನಿಧಾನವಾಗಿ ಹೆಚ್ಚುತ್ತಾ ಹೋಗುತ್ತೆ. ನಿಮ್ಮದು ಹಾಗಿದೆಯಾ, ಇಲ್ಲ ಒಂದೇ ಜಾಗದಲ್ಲಿ ಹಠಾತ್ತಾಗಿ ಹೆಚ್ಚಿದೆಯಾ? ಸ್ಕಾರ್ಫನ್ನು ಕಿಟಕಿಗೆ ಹಿಡಿದು ನೋಡಿ. ಬೆಳಕು ಜಾಸ್ತಿ ತೂರಿ ಬರುವ ಕಡೆ ಕುಣಿಕೆ ದೊಡ್ಡದು.

ಕೆರೆ ದಂಡೆ
ಸರ್, ಈಗಷ್ಟೇ ಕಿಟಕಿಗೆ ಹಿಡಿದು ನೋಡಿದೆ. ಮೈ ಜುಮ್ ಅಂದಿತು! ಅರ್ಧ ದಾಟಿ ಒಂದು ಗೇಣು ಮುಂದೆ ಹೋದ ಮೇಲೆ ಒಂದೇ ಸಾಲಿನಿಂದ ಬೆಳಕು ಬದಲಾಗುತ್ತೆ. ಕೆಳಗೆ ಕಾಳು ಒತ್ತೊತ್ತಾಗಿದೆ, ಮೇಲೆ ಸಡಿಲ. ಅಗಲ ಕೆಳಗೆ 18.5, ಮೇಲೆ 22.

ಲೆಕ್ಕದ ಮೇಷ್ಟ್ರು
ಅಗಲವೂ ಉದ್ದವೂ ಒಂದೇ ಪ್ರಮಾಣದಲ್ಲಿ ಹೆಚ್ಚಿದೆ, ನೂರಕ್ಕೆ ಹದಿನೆಂಟರಷ್ಟು. ಕಡ್ಡಿ ಬದಲಿಸಿದ್ರಾ?

ಕೆರೆ ದಂಡೆ
ಬದಲಿಸಿದೆ. ಆದರೆ ಅದೇ ನಂಬರ್! ಮೊದಲ ಜೋಡಿ ಅಮೆರಿಕದಿಂದ ನಮ್ಮ ಚಿಕ್ಕಮ್ಮನ ಮಗಳು ತಂದುಕೊಟ್ಟಿದ್ದಳು. ಸಂಕ್ರಾಂತಿಗೆ ಊರಿಗೆ ಹೋದಾಗ ಬಸ್ಸಿನಲ್ಲಿ ಒಂದು ಕಡ್ಡಿ ಕಳೆದುಹೋಯಿತು. ಮೈಸೂರಿಗೆ ಬಂದ ಮೇಲೆ ಪೇಟೆಯಲ್ಲಿ 6 ನಂಬರ್ ಅಂತಲೇ ಕೇಳಿ ಹೊಸ ಜೋಡಿ ತಂದೆ. ಅದರ ತಲೆ ಮೇಲೂ 6 ಅಂತಲೇ ಇದೆ.

ಅಬರ್ಡೀನ್ ಚಳಿ
ಸಿಕ್ಕಿತು! ಅದೇ ತಪ್ಪು. ಮಾಸ್, ಸೀಡ್ ಕಥೆಯೇ ಇಲ್ಲೂ.

ಅಮೆರಿಕದ 6 ಅಂದರೆ 4 ಮಿಲಿಮೀಟರ್. ನಮ್ಮ ಕಡೆ ಅಂಗಡಿಗಳಲ್ಲಿ ಹಳೇ ಬ್ರಿಟಿಷ್ ನಂಬರೇ ನಡೆಯುತ್ತೆ, ಅದರಲ್ಲಿ 6 ಅಂದರೆ 5 ಮಿಲಿಮೀಟರ್. ಎರಡೂ ಲೆಕ್ಕ ತದ್ವಿರುದ್ಧ. ಅಮೆರಿಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ದಪ್ಪ. ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಸಣ್ಣ. ನಿಮಗೆ ಬೇಕಿದ್ದದ್ದು ಇಲ್ಲಿಯ 8 ನಂಬರ್, ಅದು 4 ಮಿಲಿಮೀಟರ್. ಅಮೆರಿಕದ 8 ತಂದರೆ ಮತ್ತೆ 5 ಮಿಲಿಮೀಟರ್ ಆಗುತ್ತೆ. ಇನ್ನು ಮೇಲೆ ನಂಬರ್ ಕೇಳಲೇಬೇಡಿ, ಮಿಲಿಮೀಟರ್ ಕೇಳಿ.

ಉಲ್ಲನ್ ಉಂಡೆ
ಅಯ್ಯೋ, ಹೌದಲ್ಲ! ನಾವು ಮೊದಲಿಂದ ಸ್ವೆಟರ್ ಬಾರ್ಡರಿಗೆ 10, ಮೈಗೆ 8 ಅಂತಲೇ ಹೆಣೆದವರು. ಅಮೆರಿಕದ ಕಡ್ಡಿ ಕೈಗೆ ಬಂದೇ ಇಲ್ಲ, ಹಾಗಾಗಿ ಹೊಳೆಯಲಿಲ್ಲ. ಕೈ ಸಡಿಲ ಅಂದಿದ್ದು ತಪ್ಪು ತಾಯಿ, ಬೇಜಾರು ಮಾಡಿಕೊಳ್ಳಬೇಡ.

ಕೆರೆ ದಂಡೆ
ಬೇಜಾರು ಎಲ್ಲಿಂದ ಬಂತು ಅಮ್ಮ! ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನ ವರ್ನಿಯರ್ ಕ್ಯಾಲಿಪರ್ ಇಸಕೊಂಡು ಎರಡೂ ಕಡ್ಡಿ ಅಳೆದೆ. ಉಳಿದ ಒಂಟಿ ಕಡ್ಡಿ 4.0. ಹೊಸದು 5.0. ಪಕ್ಕಪಕ್ಕ ಇಟ್ಟರೆ ಬರಿಗಣ್ಣಿಗೇ ಗೊತ್ತಾಗುತ್ತೆ. ತಂದ ದಿನ ಒಂದು ಸಲ ಪಕ್ಕದಲ್ಲಿಟ್ಟು ನೋಡಿದ್ದರೆ ಸಾಕಿತ್ತು.

ಹೊಸಬಳು
ವರ್ನಿಯರ್ ಇಲ್ಲದವರು ಏನು ಮಾಡಬೇಕು?

ಲೆಕ್ಕದ ಮೇಷ್ಟ್ರು
ಹೆಣಿಗೆ ಸಾಮಾನಿನ ಅಂಗಡಿಯಲ್ಲಿ ತೂತುಗಳಿರುವ ಒಂದು ಪಟ್ಟಿ ಸಿಗುತ್ತೆ. ಕಡ್ಡಿ ಯಾವ ತೂತಿನಲ್ಲಿ ಸರಿಯಾಗಿ ಕೂರುತ್ತೋ ಅದೇ ಅಳತೆ. ಅದೂ ಇಲ್ಲದಿದ್ದರೆ ಒಂದೇ ಥರದ ನಾಲ್ಕು ಕಡ್ಡಿ ಒತ್ತಾಗಿ ಜೋಡಿಸಿ ಸ್ಕೇಲಿನಲ್ಲಿ ಅಳೆಯಿರಿ. 16 ಮಿಲಿಮೀಟರ್ ಬಂದರೆ ಒಂದೊಂದು 4. ಒಂದನ್ನೇ ಅಳೆದರೆ ತಪ್ಪಾಗಬಹುದು, ನಾಲ್ಕು ಇಟ್ಟರೆ ತಪ್ಪು ಕಡಿಮೆ.

ಹೊಸಬಳು
ಸರ್, ನೀವು ಹೆಣೆಯುತ್ತೀರಾ?

ಲೆಕ್ಕದ ಮೇಷ್ಟ್ರು
ಹೆಣೆಯುತ್ತೇನಮ್ಮ. ನಿವೃತ್ತಿ ಆದ ಮೇಲೆ ಹೆಂಡತಿ ಹತ್ತಿರ ಕಲಿತೆ. ಅವಳು ಹೋಗಿ ಎರಡು ವರ್ಷ ಆಯಿತು. ಅವಳ ಅರ್ಧ ಉಳಿದಿದ್ದ ಶಾಲನ್ನು ನಾನೇ ಮುಗಿಸಿದೆ.

ಉಲ್ಲನ್ ಉಂಡೆ
ಒಳ್ಳೆ ಕೆಲಸ ಮಾಡಿದಿರಿ ಮೇಷ್ಟ್ರೇ.

ಹಾವೇರಿ ಹುಡುಗ
ಗಂಡಸರಿಗೆ ಇದೆಲ್ಲ ಹೊಸದೇನಲ್ಲ. ನಮ್ಮ ಮೆಡ್ಲೇರಿ ಕಡೆ ಕುರುಬರ ಮನೆಗಳಲ್ಲಿ ಹೆಂಗಸರು ಉಣ್ಣೆ ನೂಲುತ್ತಾರೆ, ಗಂಡಸರು ಕಂಬಳಿ ನೇಯುತ್ತಾರೆ. ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ನಮ್ಮಲ್ಲೇ ಇಷ್ಟು ಕುರಿ ಇರುವಾಗ ಹೊರಗಿನ ಮೆರಿನೋ ಯಾಕೆ?

ಸೀದಾ ಉಲ್ಟಾ
ಕಂಬಳಿ ನೇಯ್ದದ್ದು, ಇದು ಹೆಣೆದದ್ದು. ಮಗ್ಗದಲ್ಲಿ ಹಾಸು ಹೊಕ್ಕು ಎರಡು ನೂಲು. ಇಲ್ಲಿ ಒಂದೇ ದಾರ, ಕುಣಿಕೆಯೊಳಗೆ ಕುಣಿಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹಾವೇರಿ ಹುಡುಗ
ಅದು ಗೊತ್ತಿದೆ ಅಕ್ಕ, ನಮ್ಮ ಮನೆಯಲ್ಲೇ ಗುಂಡಿ ಮಗ್ಗ ಇತ್ತು. ಅಜ್ಜ ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚುವಾಗಿನ ವಾಸನೆ ಈಗಲೂ ಮೂಗಿನಲ್ಲಿದೆ. ನಾನು ಕೇಳಿದ್ದು ಉಣ್ಣೆ ಬಗ್ಗೆ.

ಅಬರ್ಡೀನ್ ಚಳಿ
ಉಣ್ಣೆ ಬಗ್ಗೆ ಹೇಳುವುದಾದರೆ, ಡೆಕ್ಕನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದೇ ಬೇಕು. ಮಳೆ ತಡೆಯುತ್ತೆ, ಹಾಸಲು ಹೊದೆಯಲು ಎರಡಕ್ಕೂ ಆಗುತ್ತೆ, ಸುಲಭಕ್ಕೆ ಹರಿಯಲ್ಲ. ಆದರೆ ಎಳೆಯ ದಪ್ಪ ಸುಮಾರು 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಾಟಿದರೆ ಅದರ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತೆ. ಮೆರಿನೋ ಎಳೆ 20ರ ಆಸುಪಾಸು, ಚರ್ಮಕ್ಕೆ ತಗುಲಿದರೆ ಬಾಗಿಬಿಡುತ್ತೆ. ಇವರಪ್ಪನಿಗೆ ಕತ್ತಿಗೆ ಚುಚ್ಚುತ್ತೆ ಅಂತಲ್ವಾ ತೊಂದರೆ ಇರೋದು.

ಹಾವೇರಿ ಹುಡುಗ
ಈಗ ಅರ್ಥ ಆಯಿತು. ಕತ್ತಿಗೆ ಮೆರಿನೋ, ಹೆಗಲಿಗೆ ಕಂಬಳಿ. ಆದರೂ ಹೇಳುತ್ತೇನೆ, ಕಂಬಳಿ ನೇಯುವವರು ಕಡಿಮೆ ಆಗುತ್ತಿದ್ದಾರೆ. ಮನೆಗೊಂದು ತಗೊಳ್ಳಿ. ಪೂಜೆಗೆ ಗದ್ದುಗೆ ಹಾಸಲಾದರೂ ಬೇಕಲ್ಲ.

ಕಾಫಿ ತೋಟ
ಅಂಗಡಿಯಲ್ಲಿ "ಉಲ್ಲನ್" ಅಂತ ಕೊಡುವುದರಲ್ಲಿ ಬಹಳಷ್ಟು ಅಕ್ರಿಲಿಕ್ ಇರುತ್ತೆ, ಅದನ್ನೂ ನೋಡಿಕೊಳ್ಳಿ. ಸಣ್ಣ ತುಂಡು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಆಗುತ್ತೆ, ಬೆರಳಲ್ಲಿ ಒತ್ತಿದರೆ ಪುಡಿ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಆಗುತ್ತೆ.

ಧಾರವಾಡ ಪೇಡೆ
ಅಕ್ರಿಲಿಕ್ ಏನು ಕೆಟ್ಟದ್ದೇನ್ರೀ? ಲೂಧಿಯಾನದ ದಾರದಲ್ಲೇ ನಾನು ನಾಲ್ಕು ಮೊಮ್ಮಕ್ಕಳಿಗೆ ಸ್ವೆಟರ್ ಹಾಕಿದ್ದೇನೆ. ವಾಷಿಂಗ್ ಮಷಿನ್ನಿಗೆ ಹಾಕಬಹುದು, ನುಸಿ ಹಿಡಿಯಲ್ಲ, ರೇಟೂ ಕಡಿಮೆ. ಎಲ್ಲರಿಗೂ ಮೆರಿನೋ ತರಲು ಆಗುತ್ತದೇನು?

ಕಾಫಿ ತೋಟ
ಕೆಟ್ಟದ್ದು ಅನ್ನಲಿಲ್ಲ ಅಕ್ಕ. ಯಾವುದು ಅಂತ ಗೊತ್ತಿರಲಿ ಅಂದೆ, ಅಷ್ಟೇ. ಅಕ್ರಿಲಿಕ್ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಉಬ್ಬೆಲ್ಲ ಚಪ್ಪಟೆಯಾಗಿ ಸತ್ತೇ ಹೋಗುತ್ತೆ, ಮತ್ತೆ ಏಳಲ್ಲ. ನನ್ನ ಒಂದು ಬಾಸ್ಕೆಟ್ ಡಿಸೈನಿನ ಸ್ಟೋಲ್ ಹಾಗೇ ಹಾಳಾಯಿತು.

ಧಾರವಾಡ ಪೇಡೆ
ಅದು ಖರೇ. ಇಸ್ತ್ರಿ ಮಾಡಬಾರದು.

ಕೆರೆ ದಂಡೆ
ಈಗ ಮುಂದೇನು ಮಾಡಲಿ ಹೇಳಿ. ಬಿಚ್ಚಬೇಕಾ? ಅಥವಾ ಒಗೆದು ಎಳೆದು ಹಾಸಿದರೆ ಸಾಕಾ?

ಉಲ್ಲನ್ ಉಂಡೆ
ಬಿಚ್ಚುವ ಮೊದಲು ಒಗೆದು ನೋಡು. ಸಣ್ಣ ಕಡೆಯನ್ನು ಸ್ವಲ್ಪ ಎಳೆದು ಪಿನ್ ಮಾಡು.

ಸೀದಾ ಉಲ್ಟಾ
ನಾನು ಒಪ್ಪಲ್ಲ. ಮೂರೂವರೆ ಸೆಂಟಿಮೀಟರ್ ವ್ಯತ್ಯಾಸ ಎಳೆದರೆ ಹೋಗಲ್ಲ. ಸಣ್ಣ ಕಡೆ ಎಳೆದರೆ ಉಬ್ಬು ಹೋಗಿ ಬಲೆ ಆಗುತ್ತೆ. ನಾಲ್ಕು ಸಲ ಹಾಕಿಕೊಂಡರೆ ಮತ್ತೆ ಕುಗ್ಗುತ್ತೆ. ಬಿಚ್ಚಿ. ಬೆಳಕು ಬದಲಾದ ಆ ಸಾಲಿನವರೆಗೆ ಮಾತ್ರ.

ಲೆಕ್ಕದ ಮೇಷ್ಟ್ರು
ಬಿಚ್ಚುವುದೇ ಒಳ್ಳೇದು. ಇನ್ನೊಂದು ಎಚ್ಚರಿಕೆ. 4 ಮಿಲಿಮೀಟರಿನಲ್ಲಿ ಹೆಣೆದರೆ ಅದೇ ಉದ್ದಕ್ಕೆ ಸಾಲು ಜಾಸ್ತಿ ಬೇಕು, ದಾರವೂ ಜಾಸ್ತಿ. ನಿಮ್ಮ ಹತ್ತಿರ ಮೊದಲೇ ಒಂದು ಮೊಳ ಉಳಿದಿತ್ತು ಅಷ್ಟೇ. ಹಾಗಾಗಿ ಸ್ಕಾರ್ಫ್ ಸ್ವಲ್ಪ ಗಿಡ್ಡ ಆಗುತ್ತೆ. ತುದಿ ಅರ್ಧಕ್ಕೆ ನಿಲ್ಲಬಾರದು ಅಂದರೆ ತೂಕ ನೋಡಿ.

ಆಕಾರದಲ್ಲಿ ಚೂಪು ತುದಿ ಅಂದರೆ ತ್ರಿಕೋನ. 18.5 ಅಗಲ, 19 ಉದ್ದ, ಅದರ ಅರ್ಧ. ಸುಮಾರು 176 ಚದರ ಸೆಂಟಿಮೀಟರ್. ಈ ದಾರದಲ್ಲಿ ಅಷ್ಟಕ್ಕೆ 6 ಗ್ರಾಂ ಹತ್ತಿರ ಬೇಕು ಅಂತ ನನ್ನ ಅಂದಾಜು. ಅಂದಾಜು ನಂಬಬೇಡಿ. ಬಿಚ್ಚಿದ ಮೇಲೆ ಕಡ್ಡಿಯಲ್ಲಿ 41 ಸ್ಟಿಚ್ ಇರುವಾಗ ಉಂಡೆ ತೂಗಿ. ಹತ್ತು ಸಾಲು ಹೆಣೆದು ಮತ್ತೆ ತೂಗಿ. 76 ಸಾಲಿನ ತುದಿಗೆ ಸುಮಾರು 38 ಪೂರ್ತಿ ಸಾಲಿನಷ್ಟು ದಾರ ಹಿಡಿಯುತ್ತೆ, ಅದು ತ್ರಿಕೋನ ಆದ್ದರಿಂದ. ಅಡುಗೆಮನೆ ತಕ್ಕಡಿ ಒಂದು ಗ್ರಾಂ ಆಚೆ ಈಚೆ ತೋರಿಸಬಹುದು. ಎರಡು ಗ್ರಾಂ ಹೆಚ್ಚಿಗೆ ಕೈಯಲ್ಲಿರುವಾಗಲೇ ಇಳಿಸಲು ಶುರು ಮಾಡಿ.

ಹೊಸಬಳು
ಸರ್, ಇದನ್ನು ಬರೆದಿಟ್ಟುಕೊಂಡೆ!

ಅಬರ್ಡೀನ್ ಚಳಿ
ಬಿಚ್ಚುವ ಮೊದಲು ಲೈಫ್‌ಲೈನ್ ಹಾಕಿ. ಬೇರೆ ಬಣ್ಣದ ನಯವಾದ ಹತ್ತಿ ದಾರವನ್ನು ಮೊಂಡು ಸೂಜಿಗೆ ಪೋಣಿಸಿ, ಎಲ್ಲಿಗೆ ನಿಲ್ಲಬೇಕೋ ಆ ಸಾಲಿನ 41 ಕುಣಿಕೆಗಳಲ್ಲೂ ಒಂದೊಂದಾಗಿ ತೂರಿಸಿ. ಆಮೇಲೆ ಧೈರ್ಯವಾಗಿ ಎಳೆಯಿರಿ. ಆ ಸಾಲಿಗೆ ಬಂದು ತಾನಾಗಿ ನಿಲ್ಲುತ್ತೆ. ಸೀಡ್ ಸ್ಟಿಚ್‌ನಲ್ಲಿ ಒಂದು ಕುಣಿಕೆ ಕೆಳಗೆ ಜಾರಿದರೆ ಸೀದಾನೋ ಉಲ್ಟಾನೋ ಹುಡುಕುವುದರಲ್ಲಿ ಕಣ್ಣು ಹೋಗುತ್ತೆ.

ಬಿಚ್ಚಿದ ದಾರ ಶ್ಯಾವಿಗೆ ಥರ ಗುಂಗುರು ಆಗಿರುತ್ತೆ. ಹಾಗೇ ಹೆಣೆದರೆ ಉಬ್ಬು ಏರುಪೇರಾಗುತ್ತೆ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ತಣ್ಣೀರಲ್ಲಿ ನೆನೆಸಿ, ನೆರಳಲ್ಲಿ ನೇತುಹಾಕಿ. ಒಣಗಿದ ಮೇಲೆ ನೇರ ಆಗಿರುತ್ತೆ.

ಉಲ್ಲನ್ ಉಂಡೆ
ನಾವು ಹಳೇ ಸ್ವೆಟರ್ ಬಿಚ್ಚಿ ಹೊಸದು ಹಾಕುವಾಗ ಇದನ್ನೇ ಮಾಡುತ್ತಿದ್ದೆವು. ಲಡಿಯನ್ನು ಕುದಿಯುವ ನೀರಿನ ಹಬೆಗೆ ಹಿಡಿಯುತ್ತಿದ್ದೆವು. ಅಣ್ಣನ ಸ್ವೆಟರ್ ಬಿಚ್ಚಿ ತಮ್ಮನಿಗೆ, ತಮ್ಮನದು ಬಿಚ್ಚಿ ನನ್ನ ಟೋಪಿ. ಒಂದೇ ದಾರ ಮೂರು ಮಕ್ಕಳ ಮೈಮೇಲೆ ಬಂದಿದೆ.

ಕಾಫಿ ತೋಟ
ಎರಡು ತುದಿ ಪಕ್ಕಾ ಒಂದೇ ಥರ ಬೇಕು ಅಂದರೆ ಇನ್ನೊಂದು ದಾರಿ ಇದೆ. ಎರಡು ಅರ್ಧ ಬೇರೆ ಬೇರೆ ಹೆಣೆಯುವುದು. ಎರಡನ್ನೂ ಚೂಪು ತುದಿಯಿಂದಲೇ ಶುರು ಮಾಡಿ ಹೆಚ್ಚಿಸುತ್ತಾ ಬಂದು ಕತ್ತಿನ ಹಿಂಭಾಗದಲ್ಲಿ ಕೂಡಿಸುವುದು. ಇಳಿಸುವ ತಲೆನೋವೇ ಇಲ್ಲ. ದಾರವನ್ನೂ ಮೊದಲೇ ತೂಗಿ 50, 50 ಗ್ರಾಂ ಮಾಡಿಟ್ಟುಕೊಳ್ಳಬಹುದು.

ಸೀದಾ ಉಲ್ಟಾ
ಕೂಡಿಸಿದ ಗೆರೆ ಕಾಣುತ್ತೆ ಅಲ್ವಾ? ಸೀಡ್ ಸ್ಟಿಚ್ಚನ್ನು ಸೂಜಿಯಲ್ಲಿ ಕೂಡಿಸುವುದು ಸುಲಭ ಅಲ್ಲ.

ಕಾಫಿ ತೋಟ
ಕೊನೆಯಲ್ಲಿ ಎರಡು ಸಾಲು ನಯವಾಗಿ ಹೆಣೆದು ಕಿಚನರ್ ಸ್ಟಿಚ್‌ನಲ್ಲಿ ಕೂಡಿಸಿದರೆ ಸಣ್ಣ ಪಟ್ಟಿಯಷ್ಟೇ ಕಾಣುತ್ತೆ. ಕತ್ತಿನ ಹಿಂದೆ ಯಾರಿಗೂ ಗೊತ್ತಾಗಲ್ಲ.

ಧಾರವಾಡ ಪೇಡೆ
ಕಿಚನ್ ಸ್ಟಿಚ್ ಅಂದರೆ ಅಡುಗೆಮನೆಗೂ ಅದಕ್ಕೂ ಏನು ಸಂಬಂಧ?

ಅಬರ್ಡೀನ್ ಚಳಿ
ಕಿಚನ್ ಅಲ್ಲ ಅಕ್ಕ, ಕಿಚನರ್. ಬ್ರಿಟಿಷ್ ಸೇನೆಯ ಲಾರ್ಡ್ ಕಿಚನರ್ ಹೆಸರು. 1902ರಿಂದ 1909ರವರೆಗೆ ಭಾರತದಲ್ಲಿ ಸೇನಾ ಮುಖ್ಯಸ್ಥ ಆಗಿದ್ದವನು. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಕಾಲುಚೀಲ ಹೆಣೆದು ಕಳಿಸುತ್ತಿದ್ದರು. ಬೆರಳಿನ ಕಡೆ ಹೊಲಿಗೆ ಉಬ್ಬಿದ್ದರೆ ಬೂಟಿನೊಳಗೆ ಉಜ್ಜಿ ಗಾಯ ಆಗುತ್ತೆ. ಉಬ್ಬಿಲ್ಲದೆ ಕೂಡಿಸುವ ಈ ವಿಧಾನಕ್ಕೆ ಅವನ ಹೆಸರು ಅಂಟಿಕೊಂಡಿತು.

ಧಾರವಾಡ ಪೇಡೆ
ಇಷ್ಟು ವರ್ಷ ಕಿಚನ್ ಅಂತಲೇ ತಿಳಿದಿದ್ದೆ. ಒಳ್ಳೇದಾಯಿತು ಕೇಳಿದ್ದು.

ಅಬರ್ಡೀನ್ ಚಳಿ
ತುದಿಗೆ ಆಕಾರ ಬರಲು ಏರಿಸಿ ಇಳಿಸಲೇಬೇಕು ಅಂತಿಲ್ಲ. ಶೆಟ್‌ಲೆಂಡ್ ದ್ವೀಪದವರ ಓಲ್ಡ್ ಶೇಲ್ ಹೆಣಿಗೆ ನೋಡಿ. ಅಲ್ಲಿ ಒಟ್ಟು ಸ್ಟಿಚ್ ಬದಲಾಗುವುದೇ ಇಲ್ಲ, ಆದರೂ ತುದಿ ಅಲೆ ಅಲೆಯಾಗಿ ಬರುತ್ತೆ. 18 ಸ್ಟಿಚ್‌ನ ಒಂದು ಗುಂಪು. ಮೊದಲ ಸಾಲು ಸೀದಾ, ಎರಡನೇದು ಉಲ್ಟಾ. ಮೂರನೇ ಸಾಲಲ್ಲಿ ಎರಡೆರಡು ಸ್ಟಿಚ್ ಮೂರು ಸಲ ಸೇರಿಸಿ, ಆಮೇಲೆ ದಾರ ಮುಂದೆ ತಂದು ಒಂದು ಸೀದಾ, ಹೀಗೆ ಆರು ಸಲ, ಮತ್ತೆ ಎರಡೆರಡು ಮೂರು ಸಲ ಸೇರಿಸಿ. ನಾಲ್ಕನೇ ಸಾಲು ಪೂರ್ತಿ ಸೀದಾ. ಒಂದು ಕಡೆ ಸ್ಟಿಚ್ ಕಮ್ಮಿ, ಒಂದು ಕಡೆ ಜಾಸ್ತಿ ಆಗಿ ಬಟ್ಟೆ ತಾನೇ ಬಾಗುತ್ತೆ. ತೂತುಗಳಿರುವುದರಿಂದ ತುಂಬಾ ಹಗುರ.

ಅಬರ್ಡೀನಿನಿಂದ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ಶೆಟ್‌ಲೆಂಡಿನ ಊರು ಲೆರ್ವಿಕ್. ಅಲ್ಲಿಯ ಮ್ಯೂಸಿಯಂನಲ್ಲಿ ಶೆಟ್‌ಲೆಂಡ್ ಲೇಸ್ ಶಾಲುಗಳನ್ನು ನೋಡಿದ್ದೇನೆ. ಮದುವೆ ಉಂಗುರದೊಳಗೆ ಇಡೀ ಶಾಲು ತೂರಿಸಬಹುದು, ಅಷ್ಟು ಸಣ್ಣ ನೂಲು. ಗಾಜಿನ ಮುಂದೆ ಅರ್ಧ ಗಂಟೆ ನಿಂತಿದ್ದೆ. ನಮ್ಮಜ್ಜಿ ಇದನ್ನು ನೋಡಬೇಕಿತ್ತು ಅನಿಸಿತು.

ಸೀದಾ ಉಲ್ಟಾ
ಓಲ್ಡ್ ಶೇಲ್‌ನಲ್ಲೂ ಎರಡು ತುದಿ ಒಂದೇ ಥರ ಬರಲ್ಲ. ಶುರು ಮಾಡಿದ ಕಡೆ ಅಲೆ ಆಳ, ಮುಗಿಸಿದ ಕಡೆ ಕಮ್ಮಿ. ಅಲ್ಲೂ ಎರಡು ಅರ್ಧ ಹೆಣೆದು ಕೂಡಿಸಬೇಕು.

ಅಬರ್ಡೀನ್ ಚಳಿ
ಹೌದು, ಅದು ಸರಿ.

ಕೆರೆ ದಂಡೆ
ಓಲ್ಡ್ ಶೇಲ್ ನನಗೇ ಒಂದು ಹೆಣೆದುಕೊಳ್ಳುತ್ತೇನೆ. ಅಪ್ಪನಿಗೆ ತೂತಿನದು ಬೇಡ, ಗಾಳಿ ನುಗ್ಗುತ್ತೆ. ಇವತ್ತು ರಾತ್ರಿ ಲೈಫ್‌ಲೈನ್ ಹಾಕಿ ಬಿಚ್ಚುತ್ತೇನೆ. 4 ಮಿಲಿಮೀಟರ್ ಅಂತಲೇ ಕೇಳಿ ಕಡ್ಡಿ ತಂದಾಯಿತು. ಅಂಗಡಿಯವರು "8 ನಂಬರಾ?" ಅಂದರು. ತಕ್ಷಣ ವರ್ನಿಯರ್ ತೆಗೆದು ಅಳೆದೆ.

ಹೊಸಬಳು
ಅಂಗಡಿಗೇ ತಗೊಂಡು ಹೋಗಿದ್ರಾ! ತುಂಬಾ ಒಳ್ಳೇ ಕೆಲಸ ಮಾಡಿದಿರಿ.

ಧಾರವಾಡ ಪೇಡೆ
ಮೆರಿನೋ ಅಂತೀರಿ, ಬೇಸಿಗೆಯಲ್ಲಿ ಹೇಗೆ ಇಡುತ್ತೀರಿ? ನನ್ನ ತಂಗಿಯ ಕಾಶ್ಮೀರಿ ಶಾಲಿಗೆ ಟ್ರಂಕಿನಲ್ಲೇ ನುಸಿ ತೂತು ಮಾಡಿತು.

ಉಲ್ಲನ್ ಉಂಡೆ
ಒಗೆಯದೆ ಇಟ್ಟಿರುತ್ತಾರೆ. ಬೆವರು, ಎಣ್ಣೆ ಇದ್ದ ಕಡೆಯೇ ಹುಳು ಮೊದಲು ತಿನ್ನೋದು. ಚಳಿ ಮುಗಿದ ಮೇಲೆ ಒಗೆದು, ಪೂರ್ತಿ ಒಣಗಿಸಿ, ಹಳೇ ಕಾಟನ್ ಸೀರೆ ತುಂಡಲ್ಲಿ ಸುತ್ತಿ ಇಡಿ. ನಾನು ಒಣಗಿದ ಬೇವಿನ ಎಲೆ, ಲಾವಂಚದ ಬೇರು ಇಡುತ್ತೇನೆ. ಡಾಂಬರ್ ಗುಳಿಗೆ ವಾಸನೆ ಎಷ್ಟು ಒಗೆದರೂ ಹೋಗಲ್ಲ. ತಿಂಗಳಿಗೊಮ್ಮೆ ಬಿಚ್ಚಿ ಕೊಡವಿ, ಅದೇ ಮುಖ್ಯ.

ಕೆರೆ ದಂಡೆ
ಹನ್ನೊಂದು ದಿನ ಆಯಿತು. ಮುಗಿಯಿತು!

ಏನೇನಾಯಿತು ಹೇಳುತ್ತೇನೆ. ಕೆಂಪು ಹತ್ತಿ ದಾರ ತೂರಿಸಲು ಒಂದೂವರೆ ಗಂಟೆ ಹಿಡಿಯಿತು. ಎರಡು ಕುಣಿಕೆ ಬಿಟ್ಟುಹೋಗಿತ್ತು, ಎಣಿಸಿದಾಗ 39 ಬಂತು. ಮತ್ತೆ ಹುಡುಕಿ ತೂರಿಸಿದೆ. ಬಿಚ್ಚುವಾಗ ಎದೆ ಡವಡವ ಅನ್ನುತ್ತಿತ್ತು. ಕೆಂಪು ದಾರಕ್ಕೆ ಬಂದು ತಾನಾಗೇ ನಿಂತಿತು.

ಮೇಷ್ಟ್ರು ಹೇಳಿದ ಹಾಗೆ ತೂಗಿದೆ. ಹತ್ತು ಸಾಲಿಗೆ ತಕ್ಕಡಿಯಲ್ಲಿ ವ್ಯತ್ಯಾಸ ಸರಿಯಾಗಿ ಗೊತ್ತಾಗಲಿಲ್ಲ, ಒಮ್ಮೆ 1 ತೋರಿಸಿತು, ಒಮ್ಮೆ 2. ಅದಕ್ಕೇ ನಲವತ್ತು ಸಾಲು ಹೆಣೆದು ತೂಗಿದೆ. 6 ಗ್ರಾಂ ಹೋಗಿತ್ತು. ಉಂಡೆ 8 ಗ್ರಾಂಗೆ ಬಂದಾಗ ಇಳಿಸಲು ಶುರು ಮಾಡಿದೆ. ಇಳಿಸಿದ ಪ್ರತಿ ಸಾಲಿಗೂ ಒಂದು ಪಿನ್ ಚುಚ್ಚುತ್ತಾ ಹೋದೆ, 19 ಪಿನ್. ಬಲಗಡೆ ಎಡಕ್ಕೆ ವಾಲುವುದು, ಎಡಗಡೆ ಬಲಕ್ಕೆ ವಾಲುವುದು. ಮೆಟ್ಟಿಲಿಲ್ಲ.

ತಣ್ಣೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಅಕ್ಕನ ಮಗಳ ಆಟದ ಫೋಮ್ ಮ್ಯಾಟ್ ಮೇಲೆ ಹಾಸಿದೆ. ಪಿನ್ ತುದಿಗಳಿಗೆ ಮಾತ್ರ ಹಾಕಿದೆ. ಒಂದು ತುದಿ 19. ಇನ್ನೊಂದು 19.3.

ಲೆಕ್ಕದ ಮೇಷ್ಟ್ರು
ಭೇಷ್! 0.3 ಲೆಕ್ಕಕ್ಕಿಲ್ಲ. ದಾರ ಎಷ್ಟು ಉಳಿಯಿತು?

ಕೆರೆ ದಂಡೆ
2 ಗ್ರಾಂ ಸರ್. ಸಣ್ಣ ಉಂಡೆ ಮಾಡಿ ಎತ್ತಿಟ್ಟಿದ್ದೇನೆ, ಎಲ್ಲಾದರೂ ಹರಿದರೆ ಸರಿ ಮಾಡಲು. ಒಟ್ಟು ಉದ್ದ ಮೊದಲಿಗಿಂತ ಕಡಿಮೆ ಆಯಿತು. ಅಪ್ಪನಿಗೆ ಒಂದು ಸುತ್ತು ಸುತ್ತಿ ಮುಂದೆ ದಾಟಿಸಲು ಸರಿಯಾಗಿದೆ.

ಉಲ್ಲನ್ ಉಂಡೆ
ಹಾಕಿಕೊಂಡರಾ? ಏನಂದರು?

ಕೆರೆ ದಂಡೆ
ಇವತ್ತು ಬೆಳಿಗ್ಗೆ ಹಾಕಿಕೊಂಡು ಹೋದರು. ತುದಿಗಳನ್ನು ಸ್ವೆಟರ್ ಒಳಗೆ ಇಳಿಸಿ ಕನ್ನಡಿ ಮುಂದೆ ಕತ್ತು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. ಏನೂ ಅನ್ನಲಿಲ್ಲ. ವಾಪಸ್ ಬಂದ ಮೇಲೆ ಶೂ ಬಿಚ್ಚಿದರು, ಸ್ವೆಟರ್ ತೆಗೆದರು, ಪೇಪರ್ ಹಿಡಿದು ಕೂತರು. ಒಂಬತ್ತು ಗಂಟೆ ಆದರೂ ಸ್ಕಾರ್ಫ್ ಕತ್ತಿನಲ್ಲೇ ಇತ್ತು.

ಹಾವೇರಿ ಹುಡುಗ
ಅಕ್ಕ, ನನಗೂ ಕಲಿಯಬೇಕು ಅನಿಸಿದೆ. 4 ಮಿಲಿಮೀಟರ್ ಕಡ್ಡಿ ತಗೊಳ್ಳಲಾ?

ಸೀದಾ ಉಲ್ಟಾ
ಮೊದಲ ಸಲಕ್ಕೆ 5 ತಗೋಪ್ಪ, ದಾರವೂ ಸ್ವಲ್ಪ ದಪ್ಪದ್ದು, ತಿಳಿ ಬಣ್ಣದ್ದು. ಕಪ್ಪು ಬೇಡ, ಕುಣಿಕೆ ಕಾಣಲ್ಲ. 20 ಸ್ಟಿಚ್ ಹಾಕಿ ಬರೀ ಸೀದಾ ಹೆಣೆದು ಒಂದು ಗೇಣು ಆದ ಮೇಲೆ ಇಲ್ಲಿ ಫೋಟೋ ಹಾಕು.